ಉಳಿದ ಸಾಲುಗಳನ್ನು ಏಕೆ ಬಿಟ್ಟಿರಿ?

ಕ್ಯಾಲಿಫೋರ್ನಿಯಾದ ಮರ್ಸೆಡ್ ಪಕ್ಕದ ಊರಿನಿಂದ ಬರೆದಿರುವ, ಹೆಸರು ಹಾಕಬೇಡಿ ಎಂದಿರುವ ಓದುಗರಿಗೆ ನಮಸ್ಕಾರ.

ನಿಮ್ಮ ಪತ್ರ ಉದ್ದವಾಗಿದೆ. ಅಚ್ಚು ಮಾಡಲು ಜಾಗವಿಲ್ಲ, ತಿರುಳನ್ನಷ್ಟೇ ಇಲ್ಲಿ ಹೇಳಿಬಿಡುತ್ತೇನೆ. ಗ್ರೀನ್ ಕಾರ್ಡಿಗೆ, ಆಮೇಲೆ ಪೌರತ್ವಕ್ಕೆ, ಒಟ್ಟು ಹದಿನೇಳು ವರ್ಷ ಕಾದಿರಿ. 2024ರ ನವೆಂಬರ್ 5ರ ಚುನಾವಣೆ ನಿಮ್ಮ ಮೊದಲನೆಯದು. ಅಂಚೆಯಲ್ಲಿ ಬಂದ ಮತಪತ್ರದಲ್ಲಿ ಅಧ್ಯಕ್ಷ ಸ್ಥಾನದ ಸಾಲನ್ನು ತುಂಬಿ, ಲಕೋಟೆಗೆ ಸಹಿ ಮಾಡಿ, ಕೊನೆಯ ದಿನ ಪೆಟ್ಟಿಗೆಗೆ ಹಾಕಿ ಬಂದಿರಿ. ರಾತ್ರಿ ಎಂಟಕ್ಕೆ ಮತದಾನ ಮುಗಿಯಿತೋ ಇಲ್ಲವೋ, ಕ್ಯಾಲಿಫೋರ್ನಿಯಾ ಡೆಮಾಕ್ರಟ್ ಅಭ್ಯರ್ಥಿ ಕಮಲಾ ಹ್ಯಾರಿಸ್ ಪಾಲಾಯಿತೆಂದು ಟಿವಿಯವರು ಹೇಳಿಬಿಟ್ಟರು. ನಿಮ್ಮ ಮತ ಎಣಿಕೆಯಾಗಿದೆ ಎಂಬ ಸಂದೇಶ ಬಂದದ್ದು ಒಂಬತ್ತು ದಿನದ ಮೇಲೆ. ಅಷ್ಟರಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಟ್ರಂಪ್ ಗೆದ್ದು, ದೇಶ ಮುಂದಿನ ಜಗಳಕ್ಕೆ ಹೋಗಿಯಾಗಿತ್ತು. ಸಾಲದ್ದಕ್ಕೆ ಯಜಮಾನರು ಎದುರು ಪಕ್ಷಕ್ಕೆ ಹಾಕಿದ್ದರು. ‘ಮನೆಯೊಳಗೇ ನನ್ನ ಮತ ವಜಾ ಆಯಿತು. ಇಷ್ಟಕ್ಕಾಗಿ ಅಷ್ಟು ಕಾಯಬೇಕಿತ್ತೇ?’ ಎಂದು ಕೇಳಿದ್ದೀರಿ.

ನೀವು ಯಾರಿಗೆ ಹಾಕಿದಿರೋ ಬರೆದಿಲ್ಲ. ಒಳ್ಳೆಯದಾಯಿತು, ಉತ್ತರ ಇಬ್ಬರಿಗೂ ಒಂದೇ.

‘ಪ್ರತಿ ಮತಕ್ಕೂ ಬೆಲೆಯಿದೆ’ ಎಂದು ಸಮಾಧಾನ ಹೇಳುವ ಕೆಲಸಕ್ಕೆ ನಾನು ಹೋಗುವುದಿಲ್ಲ. ಅಧ್ಯಕ್ಷರ ಮಟ್ಟಿಗೆ ನಿಮ್ಮ ಲೆಕ್ಕ ಸರಿಯಾಗಿಯೇ ಇದೆ. ಅಧ್ಯಕ್ಷರನ್ನು ಕೊನೆಗೆ ಆರಿಸುವುದು ಜನರಲ್ಲ, ರಾಜ್ಯಗಳ ಪರವಾಗಿ ಮತ ಹಾಕುವ ಎಲೆಕ್ಟರುಗಳು. ಕ್ಯಾಲಿಫೋರ್ನಿಯಾದ 54 ಎಲೆಕ್ಟರುಗಳೂ ಗೆದ್ದವರಿಗೇ ಸೇರುತ್ತಾರೆ, ಒಂದು ಮತದಿಂದ ಗೆಲ್ಲಲಿ, ಮೂವತ್ತು ಲಕ್ಷದಿಂದ ಗೆಲ್ಲಲಿ. 2020ರಲ್ಲಿ ಟ್ರಂಪ್‌ಗೆ ಅತಿ ಹೆಚ್ಚು ಮತ ಕೊಟ್ಟ ರಾಜ್ಯ ಯಾವುದು ಎಂದು ಗೆಳೆಯರನ್ನು ಕೇಳಿ ನೋಡಿ, ಟೆಕ್ಸಸ್ ಎನ್ನುತ್ತಾರೆ. ಅಲ್ಲ, ನಿಮ್ಮ ಕ್ಯಾಲಿಫೋರ್ನಿಯಾ. ಅಲ್ಲಿ 60 ಲಕ್ಷ ಜನ ಅವರಿಗೆ ಹಾಕಿದರು, ಒಬ್ಬ ಎಲೆಕ್ಟರ್ ಕೂಡ ದಕ್ಕಲಿಲ್ಲ. ಟೆಕ್ಸಸ್ಸಿನ ಡೆಮಾಕ್ರಟರ ಪಾಡೂ ಇದೇ. 2016ರಲ್ಲಂತೂ ಹಿಲರಿ ಕ್ಲಿಂಟನ್ ದೇಶಾದ್ಯಂತ 28 ಲಕ್ಷಕ್ಕೂ ಹೆಚ್ಚು ಮತ ಮುಂದಿದ್ದು ಸೋತರು. ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ ಮೂರೂ ಸೇರಿ ಸುಮಾರು 78 ಸಾವಿರ ಮತದ ಅಂತರ ಅದನ್ನು ತೀರ್ಮಾನಿಸಿತು.

ಗೆದ್ದವರಿಗೇ ಎಲ್ಲ ಎಲೆಕ್ಟರುಗಳು ಎಂಬುದು ಸಂವಿಧಾನದ ಕಟ್ಟಪ್ಪಣೆಯೆಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಎಲೆಕ್ಟರುಗಳನ್ನು ಹೇಗೆ ನೇಮಿಸಬೇಕೆಂಬುದನ್ನು ಸಂವಿಧಾನ ಆಯಾ ರಾಜ್ಯದ ಶಾಸನಸಭೆಗೇ ಬಿಟ್ಟಿದೆ. ಮೇನ್ ಮತ್ತು ನೆಬ್ರಾಸ್ಕ ಹಂಚಿಕೊಡುತ್ತವೆ, ಮಿಕ್ಕವು ಇಡಿಯಾಗಿ ಕೊಡುತ್ತವೆ. ದೇಶದಲ್ಲಿ ಹೆಚ್ಚು ಮತ ಪಡೆದವರಿಗೇ ನಮ್ಮ ಎಲೆಕ್ಟರುಗಳು ಎಂದು ಕೆಲವು ರಾಜ್ಯಗಳು ಮಾಡಿಕೊಂಡಿರುವ ಒಪ್ಪಂದಕ್ಕೆ ಕ್ಯಾಲಿಫೋರ್ನಿಯಾ 2011ರಲ್ಲೇ ಸೇರಿದೆ. ಅದು ಜಾರಿಗೆ ಬರಲು ಸೇರಿದ ರಾಜ್ಯಗಳ ಎಲೆಕ್ಟರುಗಳು ಒಟ್ಟು 270 ಆಗಬೇಕು. 2024ರಲ್ಲಿ 209ಕ್ಕೆ ತಲುಪಿ ನಿಂತಿತ್ತು. ಬೇಗ ಆದೀತೆಂದು ನನಗಂತೂ ನಂಬಿಕೆಯಿಲ್ಲ.

ಆದರೆ ನಿಮ್ಮ ಮೇಲೆ ನನ್ನದೊಂದು ತಕರಾರಿದೆ. ಪತ್ರದ ಮೂರನೇ ಪುಟದಲ್ಲಿ, ಯಾವುದೋ ಮಾತಿನ ನಡುವೆ, ‘ಉಳಿದದ್ದೆಲ್ಲ ಅರ್ಥವಾಗಲಿಲ್ಲ, ಖಾಲಿ ಬಿಟ್ಟೆ’ ಎಂದಿದ್ದೀರಿ. ನಾನು ಅಲ್ಲೇ ನಿಂತುಬಿಟ್ಟೆ. ಆ ಖಾಲಿ ಜಾಗದಲ್ಲಿ ರಾಜ್ಯದ ಹತ್ತು ಪ್ರಾಪೊಸಿಷನ್‌ಗಳಿದ್ದವು, ಅಂದರೆ ಜನರೇ ಹೌದು-ಇಲ್ಲ ಎಂದು ತೀರ್ಮಾನಿಸುವ ಪ್ರಸ್ತಾವಗಳು. ಕನಿಷ್ಠ ಕೂಲಿಯನ್ನು ಗಂಟೆಗೆ 18 ಡಾಲರಿಗೆ ಏರಿಸುವುದು ಒಂದು. ಅದು ಸೋತದ್ದು ಕೂದಲೆಳೆಯಲ್ಲಿ. ಜೈಲಿನಲ್ಲಿ ಕೈದಿಗಳಿಂದ ಬಲವಂತವಾಗಿ ದುಡಿಸುವುದನ್ನು ನಿಲ್ಲಿಸಬೇಕೆಂಬುದು ಇನ್ನೊಂದು. ಜನ ಅದನ್ನೂ ಬೇಡವೆಂದರು. ಇವಕ್ಕೆ ಎಲೆಕ್ಟರೂ ಇಲ್ಲ, ಮಧ್ಯವರ್ತಿಯೂ ಇಲ್ಲ. ಹೌದು ಎಂದವರನ್ನೂ ಇಲ್ಲ ಎಂದವರನ್ನೂ ತಲೆ ಎಣಿಸಿ ತೀರ್ಮಾನ.

ಅದಕ್ಕಿಂತ ದೊಡ್ಡದು ನಿಮ್ಮ ವಿಳಾಸದಲ್ಲೇ ಇದೆ. ಮರ್ಸೆಡ್ ಕೌಂಟಿ ಸೇರುವುದು ಪ್ರತಿನಿಧಿ ಸಭೆಯ, ಅಂದರೆ ಅಮೆರಿಕದ ಸಂಸತ್ತಿನ ಕೆಳಮನೆಯ, ರಾಜ್ಯದ 13ನೇ ಕ್ಷೇತ್ರಕ್ಕೆ. 2022ರಲ್ಲಿ ಅಲ್ಲಿ ರಿಪಬ್ಲಿಕನ್ ಜಾನ್ ಡುವಾರ್ಟೆ ಡೆಮಾಕ್ರಟ್ ಆಡಮ್ ಗ್ರೇ ಅವರನ್ನು 564 ಮತದಿಂದ ಸೋಲಿಸಿದ್ದರು. 2024ರಲ್ಲೂ ಅದೇ ಇಬ್ಬರು. ಇಡೀ ದೇಶದ 435 ಸ್ಥಾನಗಳಲ್ಲಿ ಕೊನೆಗೆ ಇತ್ಯರ್ಥವಾದದ್ದು ಇದು, ಡಿಸೆಂಬರ್ ಮೊದಲ ವಾರದಲ್ಲಿ. ಗ್ರೇ ಗೆದ್ದರು, 187 ಮತದಿಂದ. ಸಭೆಯಲ್ಲಿ ರಿಪಬ್ಲಿಕನ್ನರು 220, ಡೆಮಾಕ್ರಟರು 215 ಎಂಬಲ್ಲಿಗೆ ಬಲಾಬಲ ಬಂದು ನಿಂತಾಗ ಒಂದೊಂದು ಸ್ಥಾನಕ್ಕೂ ಎಷ್ಟು ತೂಕ ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಟಿವಿಯವರು ಎಂಟು ಗಂಟೆಗೆ ಮುಗಿಸಿದ್ದು ಅಧ್ಯಕ್ಷರ ಸಾಲನ್ನು ಮಾತ್ರ. ನಿಮ್ಮ ಲಕೋಟೆಯನ್ನು ಒಂಬತ್ತು ದಿನದ ಮೇಲೆ ಬಿಚ್ಚಿದವರು ಈ ಸಾಲನ್ನು ನೋಡಿದಾಗ ಅದು ಖಾಲಿಯಿತ್ತು, ಎಣಿಕೆ ಇನ್ನೂ ನಡೆದಿತ್ತು.

ನಿಮ್ಮನ್ನು ಗದರುವ ಯೋಗ್ಯತೆ ನನಗೂ ಅಷ್ಟಾಗಿಲ್ಲ. ಈ ದೇಶದ ಮತಪತ್ರ ಪರೀಕ್ಷೆಯ ಪ್ರಶ್ನೆಪತ್ರಿಕೆಗಿಂತ ಉದ್ದ. ನ್ಯಾಯಾಧೀಶರನ್ನು ಮುಂದುವರಿಸಬೇಕೇ ಎಂದು ಕೇಳುವ ಸಾಲುಗಳನ್ನು ನಾನೂ ಎಷ್ಟೋ ಸಲ ಬಿಟ್ಟಿದ್ದೇನೆ. ಹೆಸರನ್ನೇ ಕೇಳಿರದ ಮನುಷ್ಯನ ಬಗ್ಗೆ ಹೌದೆನ್ನಲೂ ಇಲ್ಲವೆನ್ನಲೂ ಮನಸ್ಸು ಬರುವುದಿಲ್ಲ. ಆದರೆ ಚುನಾವಣೆಗೆ ಮೊದಲು ಪ್ರಸ್ತಾವಗಳ ಪರ-ವಿರೋಧ ವಾದ ವಿವರಿಸುವ ಪುಸ್ತಿಕೆಯೊಂದು ನಿಮ್ಮ ರಾಜ್ಯದಲ್ಲಿ ಮತದಾರರ ಮನೆಗೇ ಬರುತ್ತದೆ. ಮುಂದಿನ ಸಲ ಅದನ್ನು ರದ್ದಿಗೆ ಹಾಕಬೇಡಿ.

ಇನ್ನು ಯಜಮಾನರ ವಿಷಯ. ಅಧ್ಯಕ್ಷರ ಸಾಲಿನಲ್ಲಿ ನೀವಿಬ್ಬರೂ ಸರಿಗೆ ಸರಿ, ಒಪ್ಪಿದೆ. ಮಿಕ್ಕ ಸಾಲುಗಳನ್ನು ಅವರು ತುಂಬಿದ್ದರೋ ಇಲ್ಲವೋ ನೀವು ಬರೆದಿಲ್ಲ. ಕೇಳಿ ನೋಡಿ. ತುಂಬಿದ್ದರೆ, 13ನೇ ಕ್ಷೇತ್ರದ ಆ ಲೆಕ್ಕಕ್ಕೆ ನಿಮ್ಮ ಮನೆಯಿಂದ ಹೋದದ್ದು ಒಂದೇ ಮತ, ಅದೂ ಅವರದ್ದು.

— ಸಂಪಾದಕ