ಅಡುಗೆಯ ವಿಧಾನಗಳನ್ನು ಹಂಚಿಕೊಳ್ಳುವುದರಿಂದ ಹೆಂಗಸರ ಗೆಳೆತನ ಗಟ್ಟಿಯಾಗುವುದೇಕೆ?

ಬರೆದುಕೊಟ್ಟ ಅಡುಗೆ ವಿಧಾನ ಪೂರ್ಣವಾಗಿರುವುದು ಅಪರೂಪ. ಗೆಳೆತನ ಬೆಳೆಯುವುದು ಮುಖ್ಯವಾಗಿ ಆ ಕೊರತೆಯಿಂದಲೇ. ಉರಿ ಎಷ್ಟಿರಬೇಕು, ಹಿಟ್ಟು ಯಾವ ಹದಕ್ಕೆ ಬರಬೇಕು ಎಂಬುದು ಅಳತೆಗೆ ಸಿಗದ ಅನುಭವವಾದ್ದರಿಂದ ಪಡೆದವಳು ಮತ್ತೆ ಕೇಳಬೇಕಾಗುತ್ತದೆ, ಕೊಟ್ಟವಳು ಪಕ್ಕದಲ್ಲಿ ನಿಂತು ತೋರಿಸಬೇಕಾಗುತ್ತದೆ; ಕೈಗೆ ಕೆಲಸವಿದ್ದು ಕಣ್ಣು ಪಾತ್ರೆಯ ಮೇಲಿರುವ ಆ ಹೊತ್ತಿನಲ್ಲಿ, ಎದುರುಬದುರು ಕುಳಿತು ಹೇಳಲಾಗದ ಕಷ್ಟಸುಖವೂ ಸಲೀಸಾಗಿ ಮಾತಿಗೆ ಬರುತ್ತದೆ. (ಒಂದು ಪದಾರ್ಥವನ್ನು ಬೇಕೆಂದೇ ಬಿಟ್ಟು ಹೇಳುವವರೂ ಇದ್ದಾರೆನ್ನಿ.) ಬಹುತೇಕ ಸಮಾಜಗಳಲ್ಲಿ ಅಡುಗೆಯ ಹೊಣೆ ಹೆಂಗಸರ ಮೇಲೇ ಬಿದ್ದಿರುವುದರಿಂದ ಈ ಬಂಧ ಅವರಲ್ಲಿ ಹೆಚ್ಚು ಕಾಣುತ್ತದೆ. ಜೊತೆಯಲ್ಲಿ ಒಂದೇ ತಿನಿಸನ್ನು ತಿನ್ನುವುದಕ್ಕೂ ಪ್ರಭಾವವಿದೆ: ಸಂಶೋಧಕಿಯರಾದ ಕೇಟ್ಲಿನ್ ವೂಲಿ ಮತ್ತು ಆಯೆಲೆಟ್ ಫಿಶ್‌ಬಾಕ್ 2017ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಒಂದೇ ಬಗೆಯ ತಿನಿಸು ತಿಂದ ಅಪರಿಚಿತರು, ಬೇರೆ ಬೇರೆ ತಿಂದವರಿಗಿಂತ ಪರಸ್ಪರ ಹೆಚ್ಚು ನಂಬಿಕೆ ತೋರಿದರು.