ಮಾಂಜೆ ದ್ವೀಪದ ಸರಣಿಯಿಂದ ಶುರು ಮಾಡಿ
‘ಥ್ರೀ ಮೀಲ್ಸ್ ಎ ಡೇ’ ಅನ್ನೋ ಕೊರಿಯನ್ ರಿಯಾಲಿಟಿ ಶೋನಲ್ಲಿ ಪಟ್ಟಣದ ನಟರು ಹಳ್ಳಿಗೆ ಹೋಗಿ ಬರೀ ಅಡುಗೆ ಮಾಡ್ತಾರಂತೆ, ಬೇಜಾರಾಗಲ್ವಾ, ಎಲ್ಲಿಂದ ನೋಡಲಿ ಅಂತ ಕೇಳಿದ್ದೀರಿ. ಖಂಡಿತ ಬೇಜಾರಾಗಲ್ಲ. 2015ರ ಮಾಂಜೆ ದ್ವೀಪದ ಸರಣಿಯಿಂದ ಶುರು ಮಾಡಿ. ಯೂ ಹೇ-ಜಿನ್ ಮೀನು ಹಿಡಿಯೋಕೆ ಹೋಗ್ತಾರೆ, ಚಾ ಸುಂಗ್-ವಾನ್ ಒಲೆ ನೋಡ್ಕೊಳ್ತಾರೆ. ಮೀನು ಸಿಗದಿದ್ದರೆ ಇರೋ ತರಕಾರಿಯಲ್ಲೇ ಊಟ ಆಗಬೇಕು. ಕುತೂಹಲ ಇರೋದೇ ಅಲ್ಲಿ! ಚಾ ಅವರು ಕೈಯಾರೆ ಗೂಡೊಲೆ ಕಟ್ಟಿ, ಸೌದೆ ಬೆಂಕಿಯಲ್ಲಿ ಬ್ರೆಡ್ ಬೇಯಿಸೋದನ್ನಂತೂ ತಪ್ಪಿಸಬೇಡಿ. ನನಗೆ ಇಡೀ ಸರಣಿಯಲ್ಲಿ ತುಂಬಾ ಇಷ್ಟವಾದದ್ದು ಅದೇ.

ಆಮೇಲೆ 2014ರ ಮೊದಲ ಸರಣಿ ನೋಡಿ. ಅದು ಗಾಂಗ್ವೊನ್ ಪ್ರಾಂತ್ಯದ ಜಿಯೊಂಗ್‌ಸಿಯೊನ್‌ನಲ್ಲಿ ನಡೆಯುತ್ತೆ. ಮಾಂಸ ಬೇಕಂದ್ರೆ ಸಾಲ ಮಾಡಬೇಕು, ಆ ಸಾಲವನ್ನ ಹೊಲದ ಜೋಳ ಕೊಯ್ದು ತೀರಿಸಬೇಕು. ಲೀ ಸಿಯೋ-ಜಿನ್ ಗೊಣಗುತ್ತಲೇ ಕೊಯ್ಯೋದು ನೋಡೋಕೆ ಚೆನ್ನಾಗಿದೆ.