ಹೊಸ ತೊಟ್ಟಿ, ತಿಳಿನೀರು, ಸತ್ತ ಮೀನು

ಪ್ರಶ್ನೆ: ಮೀನು ಸಾಕಲು ಹಿತ್ತಲಲ್ಲಿ ಕಾಂಕ್ರೀಟ್ ತೊಟ್ಟಿ ಕಟ್ಟಿಸಿದೆ. ಹತ್ತು ದಿನ ಕ್ಯೂರಿಂಗ್ ಮಾಡಿ, ತೊಳೆದು, ನೀರು ತುಂಬಿಸಿ ಆರು ಮೀನು ಬಿಟ್ಟೆ. ನೀರು ತಿಳಿಯಾಗೇ ಇತ್ತು. ಮರುದಿನ ಬೆಳಿಗ್ಗೆ ಆರೂ ಸತ್ತು ತೇಲುತ್ತಿದ್ದವು. ಸಿಮೆಂಟಿನಲ್ಲಿ ವಿಷ ಇದೆಯಾ? ವಿನೆಗರ್ ಸುರಿದರೆ ಸರಿಹೋಗುತ್ತದೆ ಅಂತಾರೆ, ನಿಜವಾ?

ಉತ್ತರ: ಬೇರೆ ವಿಷ ಯಾಕೆ, ಸುಣ್ಣವೇ ಸಾಕು. ಸಿಮೆಂಟ್ ನೀರು ಕುಡಿದು ಗಟ್ಟಿಯಾಗುವಾಗ ಅದರೊಳಗೆ ಸುಣ್ಣ ಹುಟ್ಟುತ್ತದೆ. ಗೋಡೆಗೆ ಬಳಿಯುತ್ತೇವಲ್ಲ, ಅದೇ. ತೊಟ್ಟಿ ತುಂಬಿದ ಮೇಲೆ ಅದು ಮೆಲ್ಲಗೆ ನೀರಿಗೆ ಇಳಿಯುತ್ತದೆ. ಕರಗಿದ ಸುಣ್ಣಕ್ಕೆ ಬಣ್ಣವಿಲ್ಲ. ನೀವು ಮೋಸ ಹೋಗಿದ್ದು ಅಲ್ಲೇ. ಇನ್ನು ಕ್ಯೂರಿಂಗ್ ಮಾಡುವುದು ಕಾಂಕ್ರೀಟ್ ಗಟ್ಟಿಯಾಗಲಿ ಅಂತ, ಮೀನಿಗಾಗಿ ಅಲ್ಲ.

ನನ್ನ ಮೊದಲ ತೊಟ್ಟಿಯಲ್ಲೂ ಹೀಗೇ ಆಗಿತ್ತು. ಸತ್ತ ಮೀನು ಎತ್ತಲು ಕೈ ಹಾಕಿದರೆ ನೀರು ಸೋಪಿನ ಹಾಗೆ ಜಾರುತ್ತಿತ್ತು. ಬಗ್ಗಿ ನೋಡಿದರೆ ಮೇಲೆ ಹಾಲಿನ ಕೆನೆಯಂಥ ತೆಳು ಬಿಳಿ ಪದರ. ಪಿಎಚ್ ಅಂದರೆ ನೀರು ಎಷ್ಟು ಹುಳಿ, ಎಷ್ಟು ಕ್ಷಾರ (ಸುಣ್ಣದ ಗುಣ) ಅನ್ನುವ ಅಳತೆ; 7 ನಡುಮಟ್ಟ, ಅದಕ್ಕಿಂತ ಏರಿದಷ್ಟೂ ಕ್ಷಾರ ಹೆಚ್ಚು. ಅದನ್ನು ಅಳೆಯುವ ಪಿಎಚ್ ಕಾಗದ ಅದ್ದಿದೆ, ಕಡುನೀಲಿಗೆ ತಿರುಗಿತು. 11 ದಾಟಿತ್ತು!

ಸಿಹಿನೀರಿನ ಬಹುತೇಕ ಮೀನುಗಳಿಗೆ 6.5ರಿಂದ 8.5 ಇದ್ದರೆ ಹಿತ. ಸುಣ್ಣ ಕರಗುವಷ್ಟೂ ಕರಗಿದ ನೀರು 12.4ರ ಆಸುಪಾಸು. ಈ ಲೆಕ್ಕದಲ್ಲಿ ಒಂದೊಂದು ಅಂಕ ಏರಿದರೂ ಕ್ಷಾರ ಹತ್ತು ಪಟ್ಟು ಹೆಚ್ಚುತ್ತದೆ. ಪಿಎಚ್ 12ರ ಒಂದು ಲೀಟರನ್ನು ಬರೀ ಶುದ್ಧ ನೀರು ಬೆರೆಸಿ 9ಕ್ಕೆ ಇಳಿಸಲು ಸುಮಾರು 1000 ಲೀಟರ್ ಬೇಕು. (ಗಾರೆಯವರು ಬಾಂಡ್ಲಿಯನ್ನು ಹಳ್ಳದಲ್ಲಿ ತೊಳೆದರೆ ನನಗೆ ಸಿಟ್ಟು ಬರುವುದು ಇದಕ್ಕೇ.) ಅಂಥ ನೀರಿನಲ್ಲಿ ಕಿವಿರು ಸುಟ್ಟು ಮೀನಿಗೆ ಉಸಿರು ಕಟ್ಟುತ್ತದೆ. ಸಾಲದ್ದಕ್ಕೆ ಅಮೋನಿಯಾ. ಮೀನು ಹೊರಹಾಕುವ ಅಮೋನಿಯಾದಲ್ಲಿ ವಿಷವಾಗಿ ಕೆಲಸ ಮಾಡುವ ಪಾಲು ಪಿಎಚ್ 7ರಲ್ಲಿ ನೂರಕ್ಕೆ ಒಂದೂ ಇರುವುದಿಲ್ಲ. 9ಕ್ಕೆ ಏರಿದರೆ ಬೆಚ್ಚಗಿನ ನೀರಿನಲ್ಲಿ ಮೂರರಲ್ಲೊಂದು ಪಾಲು ಆಗಿಬಿಡುತ್ತದೆ.

ವಿನೆಗರ್ ನಾನೂ ಸುರಿದಿದ್ದೆ. ಸಂಜೆಗೆ 7.5ಕ್ಕೆ ಬಂತು, ಖುಷಿಯಾದೆ. ಮೂರನೇ ದಿನ ಮತ್ತೆ 10! ಹುಳಿ ಸರಿಮಾಡುವುದು ಆ ಹೊತ್ತಿನ ನೀರನ್ನು ಮಾತ್ರ. ಗೋಡೆ ಹೊಸ ಸುಣ್ಣ ಬಿಡುತ್ತಲೇ ಇರುತ್ತದೆ ಅಲ್ವಾ? ಜಾಸ್ತಿ ಸುರಿದರೆ ಗೋಡೆಯ ಮೈಯೇ ಸವೆಯುತ್ತದೆ.

ಹೀಗೆ ಮಾಡಿ. ನೀರು ತುಂಬಿಸಿ ನಾಲ್ಕು ದಿನ ಬಿಡಿ. ಪೂರ್ತಿ ಖಾಲಿ ಮಾಡಿ, ಬ್ರಷ್ಷಿನಿಂದ ಉಜ್ಜಿ, ಎರಡು ದಿನ ಒಣಗಲು ಬಿಡಿ. ಒಣಗಿಸುವುದನ್ನು ಮಾತ್ರ ತಪ್ಪಿಸಬೇಡಿ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ತಾಗಿ ಮೇಲ್ಮೈಯ ಸುಣ್ಣ ಸುಲಭವಾಗಿ ಕರಗದ ಪದರವಾಗುತ್ತದೆ. ಒಳಗಿನ ಸುಣ್ಣ ಹೊರಬರುವುದನ್ನು ಆ ಪದರವೇ ತಡೆಯುತ್ತದೆ. ಮತ್ತೆ ತುಂಬಿಸಿ, ಮತ್ತೆ ಖಾಲಿ ಮಾಡಿ. ನನಗೆ ಆರು ವಾರ ಹಿಡಿಯಿತು. ತೊಟ್ಟಿ ಚಿಕ್ಕದಾದಷ್ಟೂ ಕಷ್ಟ ಜಾಸ್ತಿ, ಯಾಕೆಂದರೆ ಇರುವಷ್ಟು ನೀರಿಗೆ ಗೋಡೆಯ ಪಾಲು ಹೆಚ್ಚು. ಮಳೆನೀರು ತುಂಬಿಸಿದರಂತೂ ಪಿಎಚ್ ಬೇಗ ಏರುತ್ತದೆ. ಅಷ್ಟು ಕಾಯಲಾಗದಿದ್ದರೆ ಮೀನಿನ ತೊಟ್ಟಿಗೆಂದೇ ಸಿಗುವ ಎಪಾಕ್ಸಿ ಎಂಬ ಗಟ್ಟಿ ಲೇಪ ಬಳಿಸಿ.

ತುಂಬಿಸಿದ ದಿನವೇ ಅಳೆದು ಸಮಾಧಾನಪಡಬೇಡಿ. ಒಂದು ವಾರ ನೀರು ಬದಲಿಸದೆ ಬಿಟ್ಟು, ಆಮೇಲೆ ಅಳೆಯಿರಿ. 8.5ರೊಳಗೆ ಇದ್ದರೆ ಮೊದಲು ಒಂದೇ ಮೀನು ಬಿಡಿ. ಖಾಲಿ ಮಾಡಿದ ಸುಣ್ಣದ ನೀರು ಕೆರೆಗೋ ಹಳ್ಳಕ್ಕೋ ಹರಿದು ಸೇರದಿರಲಿ, ಬಾವಿಯಿಂದ ದೂರದ ಬರಿನೆಲದಲ್ಲಿ ಇಂಗಲು ಬಿಡಿ.